ಮೂವತ್ತೊಂದನೆಯ ಪುಟದ ಹುಡುಗಿ

ಡುಲೂತ್, ಮಿನೆಸೋಟಾ
ಮಾರ್ಚ್ 17, 2019, ಭಾನುವಾರ

ಪ್ರೀತಿಯ ಮಗಳು ರೋಬಿನ್‌ಗೆ,

ಲಕೋಟೆ ದಪ್ಪಗಿದೆಯೆಂದು ಗಾಬರಿಯಾಗಬೇಡ. ಒಳಗಿರುವುದು ಕಾಗದ ಮಾತ್ರ, ಪುಸ್ತಕವಲ್ಲ. ಐದು ವರ್ಷದ ಹಿಂದೆ, ನಿನ್ನ ಮೇಬಲ್‌ಳ ಮೂರನೆಯ ಹುಟ್ಟುಹಬ್ಬಕ್ಕೆ ನಾನು ಟೂಸಾನ್‌ನ ನಿಮ್ಮ ಮನೆಗೆ ಬಂದಿದ್ದಾಗ, ನೀನು ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತ ಮೆಲ್ಲಗೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಅಮ್ಮಾ, ನಿನ್ನ ಕವಿಗಳ ಪುಸ್ತಕ ಇನ್ಮೇಲೆ ಕಳಿಸ್ಬೇಡ. ಅದ್ರಲ್ಲಿರೋ ಮಕ್ಕಳಿಗೆಲ್ಲ ನನ್ನ ಮುಖಾನೇ ಬರ್ದಿದೀಯ. ಮೇಬಲ್ ಅದನ್ನ ನೋಡ್ಕೊಂಡು ಬೆಳೆಯೋದು ನಂಗೆ ಬೇಡ." ಅವತ್ತಿನಿಂದ ಒಂದು ಪುಸ್ತಕವನ್ನೂ ಕಳಿಸಿಲ್ಲ. ಈಗಲೂ ನಿನ್ನ ಮಾತು ಮೀರುವುದಕ್ಕಾಗಿ ಬರೆಯುತ್ತಿಲ್ಲ. ನಿನ್ನನ್ನು ಒಂದು ಮಾತು ಕೇಳಬೇಕಾಗಿದೆ. ಕೇಳುವ ಮೊದಲು ನಡೆದದ್ದನ್ನು ಹೇಳಬೇಕು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಹವೆಯ ಮಾತಾಡಿ ಮುಗಿಸಿಬಿಡುತ್ತೇವೆ. ಅಲ್ಲಿ ಎಷ್ಟು ಸೆಕೆ, ಈ ವಾರ ನೀನು ಎಷ್ಟು ಮನೆಯ ಎ.ಸಿ. ರಿಪೇರಿ ಮಾಡಿದೆ, ಇಲ್ಲಿ ಸರೋವರ ಎಲ್ಲಿಯವರೆಗೆ ಹೆಪ್ಪುಗಟ್ಟಿದೆ. ಅಷ್ಟರಲ್ಲಿ ನಿನಗೆ ಯಾರೋ ಗಿರಾಕಿಯ ಕರೆ ಬರುತ್ತದೆ.

ಕಳೆದ ವರ್ಷ ವಸಂತದಲ್ಲಿ ನಾನು ಹನ್ನೆರಡನೆಯ ಪುಸ್ತಕಕ್ಕೆ ಕೈ ಹಾಕಿದೆ. ಅದೇ ಕೊನೆಯದು ಎಂದು ಆಗಲೇ ಗೊತ್ತಿತ್ತು. ಬಲಗೈ ನಡುಗುತ್ತಿದೆ, ರೋಬಿನ್. ದೊಡ್ಡ ಕಾಯಿಲೆಯೇನಲ್ಲ, ಈ ವಯಸ್ಸಿಗೆ ಕೆಲವರಿಗೆ ಬರುತ್ತದೆ ಎಂದು ಡಾಕ್ಟರು ಹೇಳಿದರು. ಕಾಫಿ ಕಪ್ಪು ಹಿಡಿದರೆ ತುಳುಕುತ್ತದೆ. ಕುಂಚ ಹಿಡಿದರೆ, ಮೊದಲ ಗೆರೆಗೆ ಮುಂಚೆ ಎಡಗೈಯಿಂದ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಎರಡು ನಿಮಿಷ ಕಾಯಬೇಕು. ನಮ್ಮ ದೇಶದ ಕವಿಗಳ ಬದುಕನ್ನು ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಚಿತ್ರ ಮತ್ತು ಮಾತಿನಲ್ಲಿ ಹೇಳುವುದು, ಒಬ್ಬೊಬ್ಬರಿಗೂ ನಲವತ್ತೆಂಟು ಪುಟ. ಮೂವತ್ತಮೂರು ವರ್ಷ ನಾನು ಮಾಡಿದ್ದು ಅದೊಂದನ್ನೇ. ಕೊನೆಯ ಪುಸ್ತಕ ನಮ್ಮ ಕಡೆಯವಳದ್ದೇ ಆಗಲಿ ಎಂದು ಆಲ್ವಿನಾ ಸ್ಟ್ರೋಮ್‌ಳನ್ನು ಆರಿಸಿಕೊಂಡೆ. ನೀನೂ ಶಾಲೆಯಲ್ಲಿ ಅವಳ ಪದ್ಯ ಬಾಯಿಪಾಠ ಮಾಡಿದ್ದೀಯ, ಸರೋವರದ ಮಂಜುಗಡ್ಡೆ ಏಪ್ರಿಲ್‌ನಲ್ಲಿ ಬಿರಿಯುವ ಸದ್ದಿನ ಕುರಿತಾದದ್ದು. ಕಬ್ಬಿಣದ ಗಣಿಯವನ ಮಗಳು, ಮೀನಿನ ಡಬ್ಬಿ ತುಂಬುವ ಕೆಲಸದಲ್ಲಿದ್ದವಳು, ಮೂವತ್ತೆರಡನೆಯ ವಯಸ್ಸಿನಲ್ಲಿ ನ್ಯೂಯಾರ್ಕಿಗೆ ಹೋಗಿ ಹೆಸರು ಮಾಡಿದವಳು. ಮಕ್ಕಳ ಪುಸ್ತಕಕ್ಕೆ ಹೇಳಿ ಮಾಡಿಸಿದ ಬದುಕು ಅಂದುಕೊಂಡೆ.

ಇಲ್ಲಿನ ಪತ್ರಿಕೆಯೊಂದು ನನ್ನ ಕೆಲಸದ ಬಗ್ಗೆ ನಾಲ್ಕು ಸಾಲು ಬರೆಯಿತು. ಅದಾದ ವಾರಕ್ಕೆ ಕ್ಲೋಕೆಯ ವೃದ್ಧಾಶ್ರಮದಿಂದ ಒಂದು ಕಾಗದ ಬಂತು. ದೊಡ್ಡ ದೊಡ್ಡ ಅಕ್ಷರ, ಪೆನ್ಸಿಲ್ಲಿನಲ್ಲಿ ಬರೆದದ್ದು:

"ಆಲ್ವಿನಾ ಸ್ಟ್ರೋಮ್ ಬಗ್ಗೆ ಪುಸ್ತಕ ಮಾಡುತ್ತಿದ್ದೀರಿ ಎಂದು ಓದಿದೆ. ನಾನು ಆಕೆಯ ಮಗಳು. ನಾನು ಎಷ್ಟನೆಯ ಪುಟದಲ್ಲಿದ್ದೇನೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಬೆರಿಟ್ ಲುಂಡೀನ್."

ಮಗಳೊಬ್ಬಳಿದ್ದಾಳೆಂದು ನನಗೆ ಗೊತ್ತಿತ್ತು. ಗ್ರಂಥಾಲಯದ ಹಳೆಯ ಕಡತದಲ್ಲಿ ಎರಡು ಸಾಲು ಇತ್ತು. ಮಗು ತಾಯಿಯ ಅಕ್ಕನ ಮನೆಯಲ್ಲಿ ಬೆಳೆಯಿತು, ಅಷ್ಟೇ. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಪಕ್ಕದಲ್ಲಿ 'ಬೇಡ' ಎಂದು ಗುರುತು ಹಾಕಿದ್ದೆ. ಯಾಕೆ ಬೇಡ ಎಂದು ಯೋಚಿಸಿಯೂ ಇರಲಿಲ್ಲ.

ಉತ್ತರ ಬರೆಯಲು ಕೂತೆ, ಆಗಲಿಲ್ಲ. ಕಾರು ತೆಗೆದುಕೊಂಡು ಹೋದೆ.

ಬೆರಿಟ್ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಯಾರೂ ಹೇಳಿರಲಿಲ್ಲ, ಅಡುಗೆಮನೆಯವರ ಹತ್ತಿರ ಬುಟ್ಟಿ ಕಿತ್ತುಕೊಂಡು ಬಂದದ್ದಂತೆ. ತೊಂಬತ್ತೊಂದು ವರ್ಷ. ಎಡಗಣ್ಣು ಸ್ವಲ್ಪ ಓರೆ. ನಾನು ಹೆಸರು ಹೇಳಿದೆ. ತಲೆಯೆತ್ತದೆ ಕೇಳಿದರು:

"ಯಾವ ಪುಟ?"

ಪುಸ್ತಕ ಇನ್ನೂ ಮುಗಿದಿಲ್ಲ ಎಂದೆ.

"ಹಂಗಂದ್ರೆ ಇಲ್ಲ ಅಂತ. ಹೇಳೋಕೆ ಅಷ್ಟು ದೂರದಿಂದ ಬರಬೇಕಿತ್ತಾ? ಕೂತ್ಕೋ. ಬಂದೋಳು ಬಟಾಣಿನಾದ್ರೂ ಸುಲಿ."

ಸುಲಿದೆ. ನನ್ನ ಕೈ ನಡುಗುವುದನ್ನು ನೋಡಿದರು, ಬುಟ್ಟಿಯನ್ನು ನನ್ನ ಮಡಿಲಿಗೆ ಇನ್ನಷ್ಟು ಹತ್ತಿರ ತಳ್ಳಿದರು. ಮೂವತ್ತಮೂರು ವರ್ಷ ಟೂ ಹಾರ್ಬರ್ಸ್‌ನ ಒಂದು ಶಾಲೆಯಲ್ಲಿ ಅಡುಗೆ ಮಾಡಿದವರು ಅವರು. ತಾಯಿಯ ಒಂದು ಪದ್ಯವನ್ನೂ ಓದಿಲ್ಲ ಎಂದರು. ಆದರೆ ಪ್ರತಿ ವರ್ಷ ಏಪ್ರಿಲ್ ಬಂದರೆ ನಾಲ್ಕನೆಯ ತರಗತಿಯ ಮಕ್ಕಳು ಆ ಮಂಜುಗಡ್ಡೆಯ ಪದ್ಯವನ್ನು ಊಟದ ಮನೆಯಲ್ಲಿ ನಿಂತು ಒಪ್ಪಿಸುತ್ತಿದ್ದರಂತೆ.

"ನಾನು ಒಳಗೆ ಪಾತ್ರೆ ಕುಟ್ತಿದ್ದೆ. ಜೋರಾಗಿ. ಹೆಡ್‌ಮೇಷ್ಟ್ರು ಬಂದು, ಬೆರಿಟ್, ಏನಮ್ಮ ಇದು ಗಲಾಟೆ, ಮಕ್ಕಳು ಪದ್ಯ ಹೇಳ್ತಿದಾರೆ ಅನ್ನೋರು. ಆಲೂಗಡ್ಡೆ ಅಂಟ್ಕೊಂಡಿದೆ ಸರ್ ಅಂತಿದ್ದೆ. ಮೂವತ್ತಮೂರು ವರ್ಷ ಏಪ್ರಿಲ್‌ನಲ್ಲಿ ಆಲೂಗಡ್ಡೆ ಅಂಟ್ಕೊಂಡೇ ಇತ್ತು."

ಅವರು ನಗಲಿಲ್ಲ, ನಾನೂ ನಗಲಿಲ್ಲ.

ಆಮೇಲೆ ಹೇಳಿದರು. 1931ರ ಆಗಸ್ಟ್. ಗಂಡ ಯಾವಾಗಲೋ ಬಿಟ್ಟುಹೋಗಿದ್ದ. ಆಲ್ವಿನಾ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಟೂ ಹಾರ್ಬರ್ಸ್‌ಗೆ, ಬಂದರಿನ ಕೆಲಸಗಾರರಿಗೆ ಊಟ ವಸತಿ ನಡೆಸುತ್ತಿದ್ದ ಅಕ್ಕನ ಮನೆಗೆ ಬಂದಳು. ಮೇಜಿನ ಮೇಲೆ ಬ್ಲೂಬೆರಿ ಹಣ್ಣು ತುಂಬಿದ ಪೈ ಇತ್ತು. ಹೋಗಿ ಕೈ ತೊಳ್ಕೊಂಡು ಬಾ, ಪೈ ಕೊಡ್ತೀನಿ ಎಂದಳಂತೆ ತಾಯಿ. ಹಿತ್ತಲಿನ ನಲ್ಲಿ ಎತ್ತರಕ್ಕಿತ್ತು. ಮಗು ಬಕೆಟ್ಟು ಮಗುಚಿ ಹಾಕಿಕೊಂಡು, ಹತ್ತಿ, ಎರಡೂ ಕೈ ಚೆನ್ನಾಗಿ ತೊಳೆದುಕೊಂಡು ಬರುವಷ್ಟರಲ್ಲಿ ತಾಯಿ ಇರಲಿಲ್ಲ. ಒರೆಸುವ ಬಟ್ಟೆ ಎಲ್ಲಿದೆಯೆಂದು ಗೊತ್ತಿಲ್ಲದೆ, ಒದ್ದೆ ಕೈ ಮುಂದೆ ಚಾಚಿಕೊಂಡು ಬಾಗಿಲಲ್ಲಿ ನಿಂತಿತ್ತಂತೆ.

"ಪೈ ಕೊಟ್ರಾ?" ಎಂದು ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ.

"ಕೊಟ್ರು. ದೊಡ್ಡಮ್ಮ ಒಳ್ಳೆಯೋಳು. ಎರಡು ತುಂಡು ಕೊಟ್ಲು. ನಾನೂ ತಿಂದೆ. ಚೆನ್ನಾಗಿತ್ತು."

ತಾಯಿಯನ್ನು ಅವರು ಮತ್ತೆ ಒಂದೇ ಸಲ ನೋಡಿದ್ದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಆಲ್ವಿನಾ ಸ್ಟ್ರೋಮ್ ಮಿನಿಯಾಪೊಲಿಸ್‌ಗೆ ಪದ್ಯ ಓದಲು ಬರುತ್ತಾಳೆಂದು ತಿಳಿದು, ಬೆರಿಟ್ ರೈಲು ಹತ್ತಿ ಹೋದರು. ಓದುವಾಗ ಒಳಗೆ ಹೋಗಲಿಲ್ಲ. ಹೊರಗೆ ಪುಸ್ತಕಕ್ಕೆ ಸಹಿ ಹಾಕುವ ಮೇಜಿನ ಮುಂದಿನ ಸಾಲಿನಲ್ಲಿ ನಿಂತರು. ಸರದಿ ಬಂದಾಗ ತಾಯಿ, ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದಳು. ಬೆರಿಟ್ ಎಂದರು.

"ಪೆನ್ನು ನಿಂತ್ಕೊಳ್ತು. ಎಷ್ಟು ಹೊತ್ತು ಅಂತ ಹೇಳಲಿ, ಒಂದು ಉಸಿರು ತಗೊಳ್ಳೋ ಅಷ್ಟು. ಆಮೇಲೆ, ಬೆರಿಟ್‌ಗೆ ಅಂತ ಬರೆದ್ಲು, ಸಹಿ ಹಾಕಿದ್ಲು, ಥ್ಯಾಂಕ್ಸ್ ಅಂದ್ಲು. ತಲೆ ಎತ್ತಲಿಲ್ಲ. ಗುರುತು ಸಿಕ್ಕಿ ಎತ್ತಲಿಲ್ವೋ, ಸಿಗದೇ ಎತ್ತಲಿಲ್ವೋ. ಅರವತ್ತೊಂಬತ್ತು ವರ್ಷ ಆಯ್ತು, ಯೋಚ್ನೆ ಮಾಡ್ತಾನೇ ಇದೀನಿ."

ಆ ಪುಸ್ತಕವನ್ನು ತೋರಿಸಿದರು. ನಾನು ಅಕ್ಷರ ನೋಡಿದೆ. ನನ್ನ ಕಸುಬಿನಲ್ಲಿ ಗೆರೆ ನೋಡಿ ಕೈ ಹೇಗಿತ್ತೆಂದು ಹೇಳುವುದು ಅಭ್ಯಾಸವಾಗಿದೆ. ಬೆರಿಟ್ ಎಂಬ ಹೆಸರಿನ ಮೊದಲ ಅಕ್ಷರ ಮುಗಿಯುವಲ್ಲಿ ಶಾಯಿ ಸ್ವಲ್ಪ ಹರಡಿತ್ತು. ಪೆನ್ನು ನಿಂತಿದ್ದು ನಿಜ. ಅದಕ್ಕಿಂತ ಹೆಚ್ಚು ಹೇಳಲು ಯಾವ ಗೆರೆಗೂ ಆಗುವುದಿಲ್ಲ. ಅದನ್ನೇ ಹೇಳಿದೆ. "ಅಷ್ಟು ನಂಗೂ ಗೊತ್ತು" ಎಂದು ಪುಸ್ತಕ ಮುಚ್ಚಿಟ್ಟರು.

ಹೊರಡುವಾಗ ನನ್ನ ತೋಳು ಹಿಡಿದು ನಿಲ್ಲಿಸಿದರು.

"ನೋಡಮ್ಮ, ನಮ್ಮಮ್ಮನ್ನ ಕೆಟ್ಟೋಳು ಮಾಡು ಅಂತ ನಾನು ಕೇಳ್ತಿಲ್ಲ. ದೊಡ್ಡ ಕವಿ ಅಂತಾರೆ, ಇರಲಿ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ, ಅಲ್ಲೊಂದು ಹುಡುಗಿ ಇದ್ಲು ಅಂತ ಗೊತ್ತಾಗ್ಲಿ. ಒಂದು ಪುಟ. ಅಷ್ಟು ಸಾಕು."

ಆಗಲಿ ಎಂದೆ. ಮನೆಗೆ ಬಂದು ಅಂದೇ ಚಿತ್ರಕ್ಕೆ ಕೂತೆ. ಅಡುಗೆಮನೆಯ ಬಾಗಿಲು, ಒದ್ದೆ ಕೈ ಚಾಚಿ ನಿಂತ ಮಗು, ಕೆನ್ನೆಯ ಮೇಲೆ ಕಣ್ಣೀರು. ಎರಡು ವಾರ ಹಿಡಿಯಿತು. ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ. ಬಹಳ ಹೊತ್ತು ನೋಡಿದರು.

"ಇದು ಯಾರ ಮಗು?"

"ನೀವೇ."

"ನಾನಲ್ಲ. ನನ್ನ ಕೂದ್ಲು ಒಣಹುಲ್ಲಿನ ಥರ ಇತ್ತು. ಕಣ್ಣು ಹಿಂಗೇ ಓರೆ. ಈ ಮಗು ಲಕ್ಷಣವಾಗಿದೆ, ಗಲ್ಲದಲ್ಲಿ ಗುಳಿ ಇದೆ. ಯಾರದು?"

ರೋಬಿನ್, ಅದು ನೀನು. ಅವರು ಹೇಳುವವರೆಗೂ ನನಗೇ ಗೊತ್ತಿರಲಿಲ್ಲ, ಪ್ರಮಾಣವಾಗಿ. ನೀನು ಬೇಡವೆಂದು ಹೇಳಿದ ಮೇಲೂ ಕೈ ತಾನಾಗಿ ಅಲ್ಲಿಗೇ ಹೋಗಿತ್ತು. ನನ್ನ ಮಗಳು ಎಂದೆ. ಎಲ್ಲಿದ್ದಾಳೆ ಎಂದರು. ಟೂಸಾನ್‌ನಲ್ಲಿ ಎಂದೆ. ಅವಳನ್ನು ಇದರೊಳಗೆ ಹಾಕಿದ್ದೀಯೆಂದು ಅವಳಿಗೆ ಗೊತ್ತೇ ಎಂದು ಕೇಳಿದರು. ಆಗ ಎಲ್ಲವನ್ನೂ ಹೇಳಿದೆ. ನಿನಗೆ ಆರು ವರ್ಷವಿದ್ದಾಗ, ನಿನ್ನ ಅಪ್ಪ ಅದಿರಿನ ಹಡಗಿನಲ್ಲಿ ತಿಂಗಳುಗಟ್ಟಲೆ ಹೊರಗಿರುತ್ತಿದ್ದ ಕಾಲದಲ್ಲಿ, ನಿನ್ನನ್ನು ಎಲಿ ಊರಿನಲ್ಲಿ ಐಲಿ ಅಜ್ಜಿಯ ಹತ್ತಿರ ಬಿಟ್ಟು ನಾನು ಮೊದಲ ಪುಸ್ತಕದ ಕೆಲಸಕ್ಕೆ ಬಾಸ್ಟನ್‌ಗೆ ಹೋದದ್ದು. ಹತ್ತು ತಿಂಗಳು, ಜೂನ್‌ಗೆ ಬಂದುಬಿಡುತ್ತೇನೆ ಎಂದಿದ್ದು. ನೀನೇ ನನ್ನ ಸೂಟ್‌ಕೇಸಿನ ಒಂದು ತುದಿ ಹಿಡಿದು ಕಾರಿನವರೆಗೆ ತಂದುಕೊಟ್ಟದ್ದು. ಹತ್ತು ತಿಂಗಳು ನಾಲ್ಕು ವರ್ಷವಾದದ್ದು.

ಬೆರಿಟ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಿತ್ರದ ಕಡೆ ಬೆರಳು ತೋರಿಸಿ ಕೇಳಿದರು:

"ಈ ಮಗು ಯಾಕೆ ಅಳ್ತಿದೆ? ನಾನು ಅಳ್ತಿರಲಿಲ್ಲ. ಪೈ ಕೊಡ್ತಾರೆ ಅಂತ ಕಾಯ್ತಿದ್ದೆ. ನಿನ್ನ ಮಗಳು ಅತ್ಲಾ?"

ಇಲ್ಲ ಎಂದೆ. ನೀನೂ ಅತ್ತಿರಲಿಲ್ಲ. ಕಾರು ಹೊರಟಾಗ ನನಗೆ ಕೈ ಬೀಸಿದ್ದೆ.

"ಮತ್ತೆ? ಕಣ್ಣೀರು ಅಳಿಸು. ಅಳ್ತಾ ನಿಂತಿದ್ರೆ ಬಿಟ್ಟುಹೋಗೋದು ಕಷ್ಟ. ಕೈ ತೊಳ್ಕೊಂಡು ನಿಂತಿರೋ ಮಗೂನ ಬಿಟ್ಟುಹೋಗೋದು ಸುಲಭ. ಅದನ್ನ ಬರಿ."

ಬೇಸಗೆ ಮುಗಿದು ಚಳಿ ಬರುವವರೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಏಲಕ್ಕಿ ಬ್ರೆಡ್ಡು ಮಾಡಿಕೊಂಡು ಹೋದರೆ, ಸಕ್ಕರೆ ಜಾಸ್ತಿ ಎಂದು ಹೇಳಿ ಮೂರು ತುಂಡು ತಿನ್ನುತ್ತಿದ್ದರು. ಅವರ ಫೋಟೋ ಒಂದೂ ಇರಲಿಲ್ಲ, ತೊಂಬತ್ತೊಂದು ವರ್ಷದ ಮುಖದಿಂದ ನಾಲ್ಕು ವರ್ಷದ ಮುಖವನ್ನು ಹುಡುಕಿ ತೆಗೆಯಬೇಕಿತ್ತು. ನನ್ನ ಕೈ ನಡುಗಿದಾಗ ಅವರು ತಮ್ಮ ಕೈಯನ್ನು ನನ್ನ ಮಣಿಕಟ್ಟಿನ ಮೇಲೆ ಇಡುತ್ತಿದ್ದರು. ಮೂವತ್ತಮೂರು ವರ್ಷ ದೊಡ್ಡ ಪಾತ್ರೆ ಎತ್ತಿದ ಕೈ, ಭಾರವಾಗಿತ್ತು, ಗೆರೆ ನಿಲ್ಲುತ್ತಿತ್ತು. ಏಳನೆಯ ಚಿತ್ರಕ್ಕೆ, "ಹ್ಞೂಂ, ಇದು ಆ ಪೆದ್ದೀನೇ" ಎಂದರು.

ಪುಟದ ಮಾತುಗಳನ್ನೂ ಅವರೇ ತಿದ್ದಿದರು. ಆಲ್ವಿನಾ ದುಃಖದಿಂದ ಮಗಳನ್ನು ಬಿಟ್ಟು ಹೋದಳು ಎಂದು ಬರೆದಿದ್ದೆ. 'ದುಃಖದಿಂದ' ಎನ್ನುವುದನ್ನು ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿದರು. "ದುಃಖ ಆಗಿತ್ತೋ ಇಲ್ವೋ ನಿಂಗೇನು ಗೊತ್ತು? ನಂಗೇ ಗೊತ್ತಿಲ್ಲ." ಕೊನೆಗೆ ಉಳಿದದ್ದು ಇಷ್ಟು: ಆಲ್ವಿನಾಳಿಗೆ ಒಬ್ಬ ಮಗಳಿದ್ದಳು. ಅವಳ ಹೆಸರು ಬೆರಿಟ್. ಕವಿಯಾಗಲು ಹೊರಟಾಗ ಆಲ್ವಿನಾ ಅವಳನ್ನು ಬಿಟ್ಟುಹೋದಳು. ಬೆರಿಟ್‌ಗೆ ಆಗ ನಾಲ್ಕು ವರ್ಷ.

ಅದು ಮೂವತ್ತೊಂದನೆಯ ಪುಟ.

ನವೆಂಬರ್‌ನಲ್ಲಿ ಎಲ್ಲವನ್ನೂ ಬಾಸ್ಟನ್‌ಗೆ, ಪ್ರಕಾಶನದವರಿಗೆ ಕಳಿಸಿದೆ. ಮೂರನೆಯ ದಿನ ಸಂಪಾದಕ ಗ್ಲೆನ್ ಫೋನ್ ಮಾಡಿದ. ಅವನು ಕೆಟ್ಟವನಲ್ಲ, ಇಪ್ಪತ್ತು ವರ್ಷದಿಂದ ನನ್ನ ಪುಸ್ತಕಗಳನ್ನು ಕಾಪಾಡಿಕೊಂಡು ಬಂದವನು.

"ಮರಿಯನ್, ಚಿತ್ರ ತುಂಬಾ ಚೆನ್ನಾಗಿದೆ. ನೀವು ಇಷ್ಟು ಚೆನ್ನಾಗಿ ಯಾವತ್ತೂ ಬರ್ದಿಲ್ಲ. ಆದ್ರೆ ಆ ಪುಟ ಹಾಕೋಕಾಗಲ್ಲ. ಈ ಪುಸ್ತಕಾನ ಮಕ್ಕಳು ಅಮ್ಮನ ಪಕ್ಕ ಕೂತ್ಕೊಂಡು ಓದ್ತಾರೆ. ಅಮ್ಮ ಬಿಟ್ಟುಹೋದ್ಲು ಅಂತ ಅಮ್ಮನೇ ಓದಿ ಹೇಳ್ಬೇಕಾ?"

"ಹಿಂದಿನ ಪುಸ್ತಕಗಳಲ್ಲಿ ಸಾವು ಹಾಕಿದೀವಿ ಗ್ಲೆನ್. ಕುಡಿತ, ಹುಚ್ಚಾಸ್ಪತ್ರೆ ಎಲ್ಲ ಹಾಕಿದೀವಿ."

"ಅದೆಲ್ಲ ಮಕ್ಕಳು ತಡ್ಕೋತಾರೆ. ಇದನ್ನ ತಡ್ಕೊಳ್ಳಲ್ಲ."

ಅವನ ಮಾತು ಸುಳ್ಳೆಂದು ಹೇಳಲು ನನ್ನಿಂದ ಆಗಲಿಲ್ಲ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿ, ಆಗಲಿ, ತೆಗೆದುಬಿಡಿ ಎಂದೆ. ಆ ಜಾಗಕ್ಕೆ ರೈಲಿನ ಚಿತ್ರ ಹಾಕಿದೆವು. ರೈಲಿನ ಕೆಳಗೆ, ಆಲ್ವಿನಾ ತನ್ನ ಹಾಡನ್ನು ಹುಡುಕಿಕೊಂಡು ದೊಡ್ಡ ಊರಿಗೆ ಹೊರಟಳು ಎಂದು ಬರೆದೆ.

ಅಷ್ಟು ಮಾಡಿಯೂ, ರೋಬಿನ್, ಮುಂದಿನ ಗುರುವಾರ ನಾನು ಕ್ಲೋಕೆಗೆ ಹೋದೆ. ಮೊದಲಿನ ಪ್ರತಿಯನ್ನೇ, ಮೂವತ್ತೊಂದನೆಯ ಪುಟವಿದ್ದದ್ದನ್ನೇ ತೆಗೆದುಕೊಂಡು ಹೋಗಿ ಅವರ ಮಡಿಲಲ್ಲಿಟ್ಟೆ. ಹೀಗೇ ಅಚ್ಚಾಗುತ್ತದಾ ಎಂದು ಕೇಳಿದರು. ಹೀಗೇ ಅಚ್ಚಾಗುತ್ತದೆ ಎಂದೆ. ಅವರು ಆ ಪುಟದ ಮೇಲೆ ಅಂಗೈ ಇಟ್ಟರು. ಆಮೇಲೆ, ಊಟದ ಗಾಡಿ ತರುವ ಹುಡುಗಿಯನ್ನು ಕರೆದು ತೋರಿಸಿದರು. "ನೋಡೇ, ನಾನು. ಮೂವತ್ತೊಂದನೇ ಪುಟ." ಅವಳು ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಅವರಿಗೂ ತೋರಿಸಿದರು. ನಾನು ಅಲ್ಲೇ ನಿಂತಿದ್ದೆ, ನಗುತ್ತಿದ್ದೆ.

ಜನವರಿ 22ರಂದು ಬೆಳಗ್ಗೆ ಬೆರಿಟ್ ತೀರಿಕೊಂಡರು. ನ್ಯುಮೋನಿಯಾ. ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿತ್ತು. ಟೂ ಹಾರ್ಬರ್ಸ್‌ನ ಚರ್ಚಿನಲ್ಲಿ ಪ್ರಾರ್ಥನೆ. ನನ್ನನ್ನೂ ಪಾದ್ರಿಯನ್ನೂ ಸೇರಿಸಿ ಒಂಬತ್ತು ಜನ. ಆಮೇಲೆ ನೆಲಮಾಳಿಗೆಯಲ್ಲಿ ಕಾಫಿ ಕೊಟ್ಟರು. ಅರವತ್ತು ದಾಟಿದ ಗಂಡಸೊಬ್ಬ ನನ್ನ ಪಕ್ಕ ಕೂತು, ಚಿಕ್ಕವನಿದ್ದಾಗ ಈ ಬೆರಿಟಮ್ಮ ನನಗೆ ದಿನವೂ ಎರಡು ಸಲ ಬಡಿಸುತ್ತಿದ್ದರು, ನಮ್ಮ ಮನೆಯಲ್ಲಿ ರಾತ್ರಿ ಊಟವಿಲ್ಲವೆಂದು ಅವರಿಗೆ ಹೇಗೋ ಗೊತ್ತಾಗಿತ್ತು ಎಂದ. ನೆಲ ಕಲ್ಲಾಗಿದೆ, ಅಗೆಯಲು ಬರುವುದಿಲ್ಲ. ಪೆಟ್ಟಿಗೆಯನ್ನು ಕಲ್ಲುಕೋಣೆಯಲ್ಲಿ ಇಟ್ಟಿದ್ದಾರೆ. ಮೇ ತಿಂಗಳಲ್ಲಿ ನೆಲ ಕರಗಿದ ಮೇಲೆ ಮಣ್ಣು ಮಾಡುತ್ತಾರೆ. ಆಗ ಯಾರು ಬರುತ್ತಾರೋ ಗೊತ್ತಿಲ್ಲ. ನಾನು ಹೋಗುತ್ತೇನೆ.

ಪ್ರಾರ್ಥನೆಯ ಮರುದಿನ ಗ್ಲೆನ್‌ಗೆ ಫೋನ್ ಮಾಡಿ, ಆ ಪುಟ ವಾಪಸ್ ಹಾಕಿ, ಇಲ್ಲವಾದರೆ ನನ್ನ ಹೆಸರಿನಲ್ಲಿ ಪುಸ್ತಕ ಬೇಡ ಎಂದೆ. ಅವನಿಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

"ಏನ್ ಮಾತಾಡ್ತಿದೀರಿ ಮರಿಯನ್? ಹನ್ನೊಂದು ಪುಸ್ತಕ ಮಾಡಿದೀರಿ. ಅದರಲ್ಲಿ ಮೂರು ಜನ ಕವಿಗಳು ಮಕ್ಕಳನ್ನ ಬಿಟ್ಟುಹೋದೋರು. ಆ ಮಕ್ಕಳನ್ನ ಪುಸ್ತಕದಿಂದ ತೆಗೆದಿದ್ದು ನಾನಲ್ಲ, ನೀವು. ನಂಗೆ ಬರೋ ಮೊದಲೇ ತೆಗೆದಿರ್ತಿದ್ರಿ. ಇವತ್ತೇನು ಹೊಸದಾಗಿ?"

ನಾನು ಫೋನ್ ಇಟ್ಟೆ. ಪುಸ್ತಕ ನಿಂತುಹೋಯಿತು. ಆಲ್ವಿನಾಳ ಬಗ್ಗೆ ಬೇರೊಬ್ಬ ಚಿತ್ರಕಾರರಿಂದ ಮಾಡಿಸುತ್ತಾರಂತೆ. ಮಾಡಿಸಲಿ.

ಗ್ಲೆನ್‌ಗೆ ಕೊಡದ ಉತ್ತರವನ್ನು ನಿನಗೆ ಕೊಡಬೇಕು. ತನ್ನ ಹಾಡನ್ನು ಹುಡುಕಿಕೊಂಡು ದೊಡ್ಡ ಊರಿಗೆ ಹೊರಟಳು. ಈ ವಾಕ್ಯ ನನ್ನ ನಾಲ್ಕು ಪುಸ್ತಕಗಳಲ್ಲಿದೆ, ಹೆಸರು ಮಾತ್ರ ಬೇರೆ. ಮೊದಲ ಸಲ ಅದನ್ನು ಬರೆದದ್ದು ಬಾಸ್ಟನ್ನಿನ ಬಾಡಿಗೆ ಕೋಣೆಯಲ್ಲಿ, 1986ರ ಜೂನ್‌ನಲ್ಲಿ. ನೀನು ಅಜ್ಜಿಯ ಮನೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುತ್ತಿದ್ದ ಅದೇ ಜೂನ್. ಬರೆದು ಓದಿಕೊಂಡಾಗ ಎಷ್ಟು ಹಗುರವಾಯಿತೆಂದರೆ, ಕಿಟಕಿ ತೆರೆದು ಜೋರಾಗಿ ಉಸಿರಾಡಿದೆ. ಪ್ರಕಾಶನದವರು ಬಿಡಲಿಲ್ಲ, ಅಲ್ಲೇ ಇದ್ದು ಕೆಲಸ ಮಾಡಬೇಕೆಂದು ಹಟ ಹಿಡಿದರು ಎಂದು ನಿನಗೆ ಇಷ್ಟು ವರ್ಷ ಹೇಳಿಕೊಂಡು ಬಂದೆನಲ್ಲ, ಅದು ಸುಳ್ಳು. ಆಗ ಅಲ್ಲಿದ್ದ ಸಂಪಾದಕಿ ಮೊದಲ ವಾರವೇ ಹೇಳಿದ್ದರು: "ನಿಮಗೆ ಚಿಕ್ಕ ಮಗು ಇದೆಯಂತಲ್ಲ, ಊರಿಗೆ ಹೋಗಿ, ಚಿತ್ರಗಳನ್ನ ಅಂಚೆಯಲ್ಲಿ ಕಳಿಸಿದ್ರಾಯ್ತು." ಹೋಗದೆ ಉಳಿದವಳು ನಾನು. ನನಗೆ ಅಲ್ಲಿ ಸುಖವಾಗಿತ್ತು, ರೋಬಿನ್. ಬೆಳಗ್ಗೆ ಎದ್ದು ಯಾರ ಜಡೆಯನ್ನೂ ಹೆಣೆಯದೆ ನೇರವಾಗಿ ಮೇಜಿಗೆ ಹೋಗಿ ಕೂರುವುದು ಸುಖವಾಗಿತ್ತು. ಆಮೇಲೆ ದಿನವೆಲ್ಲ ನಿನ್ನ ಮುಖ ಬರೆಯುತ್ತ ಕೂರುತ್ತಿದ್ದೆ. ಎರಡೂ ನಿಜ. ಒಂದಕ್ಕೊಂದು ಹೇಗೆ ಹೊಂದುತ್ತದೆಂದು ಅರವತ್ತೇಳು ವರ್ಷವಾದರೂ ನನಗೆ ತಿಳಿದಿಲ್ಲ. ಕ್ಷಮಿಸು ಎಂದು ಬರೆಯಲು ಮೂರು ಸಲ ಹೊರಟು ಕಾಗದ ಹರಿದಿದ್ದೇನೆ. ಕ್ಷಮೆ ಕೇಳಿದರೆ ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ. ಆ ಹೊರೆಯನ್ನೂ ನಿನ್ನ ಮೇಲೆ ಹಾಕಲಾರೆ.

ಇಲ್ಲಿನ ಒಂದು ಸಣ್ಣ ಅಚ್ಚುಮನೆಯಲ್ಲಿ ಪುಸ್ತಕದ ಮೂರು ಪ್ರತಿ ಮಾಡಿಸಿದ್ದೇನೆ, ಮೂವತ್ತೊಂದನೆಯ ಪುಟ ಸೇರಿಸಿ. ಹೊಲಿಗೆ ನಾನೇ ಹಾಕಿದೆ, ಅಲ್ಲಲ್ಲಿ ಸೊಟ್ಟಗಿದೆ. ಒಂದನ್ನು ಬೆರಿಟ್ ಅಡುಗೆ ಮಾಡುತ್ತಿದ್ದ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟೆ. ಅಲ್ಲಿನ ಗ್ರಂಥಪಾಲಕಿ ಮೊದಲಿಂದ ಕೊನೆಯವರೆಗೆ ನಿಂತೇ ಓದಿ, ಕಪಾಟಿನಲ್ಲಿ ಇಡುತ್ತೇನೆ, ಯಾರಾದರೂ ತಕರಾರು ಮಾಡಿದರೆ ಆಗ ನೋಡೋಣ ಎಂದಳು. ಒಂದನ್ನು ಮೇ ತಿಂಗಳಲ್ಲಿ ಬೆರಿಟ್ ಜೊತೆ ಮಣ್ಣಿಗೆ ಹಾಕಬೇಕೆಂದಿದ್ದೇನೆ. ಮೂರನೆಯದು ಮೇಬಲ್‌ಗೆ.

ಕೇಳಬೇಕೆಂದದ್ದು ಇದೇ. ಇದನ್ನು ಕಳಿಸಬಹುದೇ? ಇದರಲ್ಲಿ ಎಲ್ಲಿಯೂ ನಿನ್ನ ಮುಖವಿಲ್ಲ. ಬಾಲ್ಯದ ಆಲ್ವಿನಾಳನ್ನೂ ಮತ್ತೆ ಹೊಸದಾಗಿ ಬರೆದೆ, ಪ್ರತಿ ಮುಖವನ್ನೂ ಭೂತಗನ್ನಡಿ ಹಿಡಿದು ನೋಡಿದೆ. ಮೇಬಲ್‌ಗೆ ಈಗ ಎಂಟು ವರ್ಷ, ಅವಳಿಗೆ ಓದಲು ಬರುತ್ತದೆ. ಮೊದಲು ನೀನು ಓದು. ಬೇಡವೆನಿಸಿದರೆ ಬೇಡ ಎಂದು ಒಂದು ಕಾರ್ಡಿನಲ್ಲಿ ಬರೆದು ಹಾಕು, ಕಾರಣ ಹೇಳಬೇಕಾಗಿಲ್ಲ. ಏನೂ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಸರೋವರ ಇನ್ನೂ ಬಿಳಿಯಾಗಿಯೇ ಇದೆ. ಈ ವಾರ ಮಂಜುಗಡ್ಡೆ ಒಡೆಯುವ ಹಡಗು ಹೊರಟಿತು ಎಂದು ರೇಡಿಯೋದಲ್ಲಿ ಹೇಳಿದರು. ಮೇಬಲ್‌ಗೆ ನನ್ನ ಮುತ್ತು, ನೀನು ಕೊಡಬಹುದೆನಿಸಿದರೆ.

ನಿನ್ನ
ಅಮ್ಮ,
ಮರಿಯನ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. 1987ರ ಫೆಬ್ರವರಿಯಲ್ಲಿ ನಾನು ಒಮ್ಮೆ ಎಲಿಗೆ ಬಂದಿದ್ದೆ, ಯಾರಿಗೂ ಹೇಳದೆ. ಬಸ್ಸಿಳಿದು ನಿಮ್ಮ ಶಾಲೆಯ ಹಿಂದಿನ ಸ್ಕೇಟಿಂಗ್ ಅಂಗಳದ ಬೇಲಿಯ ಹತ್ತಿರ ನಿಂತೆ. ನೀನು ನೀಲಿ ಟೊಪ್ಪಿ ಹಾಕಿಕೊಂಡು ಆಡುತ್ತಿದ್ದೆ. ಎರಡು ಸಲ ಬಿದ್ದೆ. ಎರಡನೆಯ ಸಲ ಯಾರೋ ಬೇರೆ ಮಗುವಿನ ತಾಯಿ ಬಂದು ನಿನ್ನ ಷೂ ದಾರ ಕಟ್ಟಿದಳು. ಅವಳು ಕಟ್ಟುವಾಗ ನೀನು ಅವಳ ಭುಜ ಹಿಡಿದುಕೊಂಡು ನಿಂತಿದ್ದೆ. ಅರ್ಧ ಗಂಟೆ ನೋಡಿ, ಅದೇ ಬಸ್ಸಿಗೆ ವಾಪಸ್ ಹೋದೆ. ನಿನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ ಐಲಿ ಅಜ್ಜಿ ರಸ್ತೆಯ ಆಚೆಯಿಂದ ನನ್ನನ್ನು ನೋಡಿದರು. ಕರೆಯಲಿಲ್ಲ, ಸಾಯುವವರೆಗೂ ಅದರ ಮಾತೆತ್ತಲಿಲ್ಲ. ನಿನಗೂ ಹೇಳಿರಲಾರರು. ನಿನ್ನ ಹತ್ತಿರ ಬಂದರೆ ನೀನು ಅಳುತ್ತೀಯೆಂದು ನಾನು ಹೆದರಲಿಲ್ಲ, ರೋಬಿನ್. ನೀನು ನನ್ನನ್ನು ನೋಡಿ ಓಡಿ ಬರುತ್ತೀಯೆಂದು ಹೆದರಿದೆ. ಬಂದಿದ್ದರೆ ನಾನು ಉಳಿಯಬೇಕಾಗುತ್ತಿತ್ತು.